ರಕ್ತದ ಉಪ್ಪು, ಮಿದುಳಿನ ನೀರು

“ಸೋಡಿಯಂ ಕಮ್ಮಿಯಾಗಿದೆ ಅಂದ್ರೆ ಊಟದಲ್ಲಿ ಉಪ್ಪು ಜಾಸ್ತಿ ಹಾಕ್ಬೇಕಾ ಡಾಕ್ಟ್ರೇ?”

ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ರಕ್ತದ ವರದಿ ಬಂದ ಮೇಲೆ ಮಗನೋ ಸೊಸೆಯೋ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಇದು. ಅಡುಗೆ ಉಪ್ಪೆಂದರೆ ಸೋಡಿಯಂ ಕ್ಲೋರೈಡ್ ಎಂದು ಎಲ್ಲರೂ ಹೈಸ್ಕೂಲಿನಲ್ಲಿ ಓದಿರುತ್ತಾರೆ. ಕಮ್ಮಿಯಾದದ್ದನ್ನು ತುಂಬಿಸಿದರೆ ಸರಿಹೋಗಬೇಕಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ವರದಿಯಲ್ಲಿರುವ ಅಂಕಿ ಮೈಯಲ್ಲಿ ಒಟ್ಟು ಎಷ್ಟು ಉಪ್ಪಿದೆ ಎಂದು ಹೇಳುವುದಿಲ್ಲ. ಒಂದು ಲೀಟರ್ ರಕ್ತದ್ರವದಲ್ಲಿ ಎಷ್ಟು ಸೋಡಿಯಂ ಕರಗಿದೆ ಎಂದಷ್ಟೇ ಹೇಳುತ್ತದೆ. ಸಾರಿಗೆ ಎರಡು ಚೊಂಬು ನೀರು ಹೆಚ್ಚಾಗಿ ಬಿದ್ದರೆ ಸಾರು ಸಪ್ಪೆಯಾಗುತ್ತದೆ. ಪಾತ್ರೆಯೊಳಗಿನ ಉಪ್ಪು ಎಳ್ಳಷ್ಟೂ ಕಳೆದುಹೋಗಿರುವುದಿಲ್ಲ. ಸೋಡಿಯಂ ಇಳಿದು ಎಮರ್ಜೆನ್ಸಿಗೆ ಬರುವ ಬಹುಪಾಲು ಮಂದಿಯ ಕಥೆ ಹೀಗೆಯೇ ಇರುತ್ತದೆ. ಅವರ ಮೈಯಲ್ಲಿ ಹೊರಗೆ ಹೋಗಬೇಕಿದ್ದ ನೀರು ಉಳಿದುಕೊಂಡಿರುತ್ತದೆ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ವೃತ್ತಕ್ಕೂ ಹೆಬ್ಬಾಳಕ್ಕೂ ನಡುವೆ ಇರುವ ಗಂಗಾನಗರ ಹಳೆಯ ಬಡಾವಣೆ. ನಿವೃತ್ತರ ಮನೆಗಳು ಬಹಳ. ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳ ಡಬ್ಬಿ ಇರುವ ಮನೆಗಳು. ಅಂಥ ಒಂದು ಮನೆಯಲ್ಲಿ 72 ವರ್ಷದ ಅಜ್ಜಿಯೊಬ್ಬರಿದ್ದಾರೆ ಎಂದಿಟ್ಟುಕೊಳ್ಳೋಣ. ಇವರು ನಿಜವಾದ ಒಬ್ಬ ವ್ಯಕ್ತಿಯಲ್ಲ, ಆದರೆ ಯಾವ ಎಮರ್ಜೆನ್ಸಿ ವೈದ್ಯರನ್ನು ಕೇಳಿದರೂ ಇಂಥವರನ್ನು ಕಂಡಿದ್ದೇವೆ ಎನ್ನುತ್ತಾರೆ. ಅಜ್ಜಿಯ ತೂಕ 50 ಕಿಲೋ. ಮೂರು ವಾರದ ಹಿಂದೆ ಬಿಪಿ ಹತೋಟಿಗೆ ಬರಲಿಲ್ಲವೆಂದು ಹಳೆಯ ಮಾತ್ರೆಯ ಜೊತೆ ಇನ್ನೊಂದು ಸೇರಿತು. ಏಪ್ರಿಲ್ ಬಿಸಿಲು; ಚೆನ್ನಾಗಿ ನೀರು ಕುಡಿಯಿರಿ ಎಂದು ಕಂಡವರೆಲ್ಲ ಹೇಳಿದರು. ನಡುವೆ ಎರಡು ದಿನ ಭೇದಿ. ಗಂಜಿ, ಎಳನೀರು, ಮತ್ತೆ ನೀರು. ಆಮೇಲೆ ಮಂಕು ಕವಿಯಿತು. ಮೊಮ್ಮಗನನ್ನು ತಮ್ಮನ ಹೆಸರಿನಿಂದ ಕರೆದರು. ವಯಸ್ಸಾಯಿತು, ಅರಳುಮರಳು ಎಂದು ಮನೆಯವರು ಸುಮ್ಮನಾದರು. ಒಂದು ರಾತ್ರಿ ಬಚ್ಚಲಿನಲ್ಲಿ ಬಿದ್ದ ಸದ್ದು ಕೇಳಿತು. 108ಕ್ಕೆ ಫೋನು ಹೋಯಿತು.

ಎಮರ್ಜೆನ್ಸಿಯಲ್ಲಿ ಬೆರಳು ಚುಚ್ಚಿ ನೋಡಿದ ಶುಗರ್ ಸರಿಯಾಗಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ. ಆಮೇಲೆ ರಕ್ತದ ಅಂಕಿ ಬಂತು: ಸೋಡಿಯಂ 112.

ಆರೋಗ್ಯವಂತರಲ್ಲಿ ಅದು ಲೀಟರಿಗೆ 135ರಿಂದ 145 ಮಿಲಿಮೋಲ್. 135ಕ್ಕಿಂತ ಇಳಿದರೆ ಹೈಪೋನಟ್ರೀಮಿಯಾ, 145 ದಾಟಿದರೆ ಹೈಪರ್‌ನಟ್ರೀಮಿಯಾ. 125ಕ್ಕಿಂತ ಕೆಳಗೆ ಹೋದರೆ ತೀವ್ರ ಎಂದು ವೈದ್ಯರು ಪರಿಗಣಿಸುತ್ತಾರೆ. ಆಸ್ಪತ್ರೆಯ ರೋಗಿಗಳಲ್ಲಿ ಲವಣಗಳ ಏರುಪೇರು ಎಂದರೆ ಅತಿ ಹೆಚ್ಚಾಗಿ ಕಾಣುವುದು ಸೋಡಿಯಂ ಇಳಿಕೆಯನ್ನೇ. ಇಂದು ಒಂದೆರಡು ನಿಮಿಷದಲ್ಲಿ ಸಿಗುವ ಈ ಅಂಕಿ ಒಂದು ಕಾಲಕ್ಕೆ ದಿನಗಟ್ಟಲೆ ರಾಸಾಯನಿಕ ವಿಶ್ಲೇಷಣೆ ಬೇಡುತ್ತಿತ್ತು. 1940ರ ದಶಕದಲ್ಲಿ ಫ್ಲೇಮ್ ಫೋಟೋಮೀಟರ್ ಬಂದ ಮೇಲೆ ರಕ್ತದ್ರವವನ್ನು ಜ್ವಾಲೆಗೆ ಸಿಂಪಡಿಸಿ, ಸೋಡಿಯಂ ಹೊಮ್ಮಿಸುವ ಹಳದಿ ಬೆಳಕನ್ನು ಅಳೆಯುವುದು ಸಾಧ್ಯವಾಯಿತು. ಮೊನ್ನೆ ಮೊನ್ನೆಯವರೆಗೆ ನಮ್ಮ ರಸ್ತೆಗಳನ್ನು ಬೆಳಗುತ್ತಿದ್ದ ಸೋಡಿಯಂ ದೀಪಗಳ ಹಳದಿಯೂ ಅದೇ ಪರಮಾಣುವಿನದು. ಈಗ ಆ ಕೆಲಸವನ್ನು ಸೋಡಿಯಂ ಒಂದನ್ನೇ ಗುರುತಿಸುವ ವಿದ್ಯುದ್ವಾರಗಳು ಮಾಡುತ್ತವೆ.

ಒಂದು ಚಿಕ್ಕ ಲೆಕ್ಕ. 50 ಕಿಲೋ ತೂಗುವ ವೃದ್ಧೆಯ ಮೈಯಲ್ಲಿ ಸುಮಾರು 22 ಲೀಟರ್ ನೀರಿರುತ್ತದೆ. ಸೋಡಿಯಂ 140 ಇದ್ದಾಗ ಹೊರಹೋಗದ 3 ಲೀಟರ್ ನೀರು ಇದಕ್ಕೆ ಸೇರಿದರೆ ಅಂಕಿ 123ಕ್ಕೆ ಇಳಿಯುತ್ತದೆ. ಒಂದು ಚಿಟಿಕೆ ಉಪ್ಪನ್ನೂ ಆಕೆ ಕಳೆದುಕೊಂಡಿರಬೇಕಾಗಿಲ್ಲ. ಹಾಗಾದರೆ ಆ ಮೂರು ಲೀಟರ್ ಏಕೆ ಹೊರಗೆ ಹೋಗಲಿಲ್ಲ? ಆರೋಗ್ಯವಾದ ಮೂತ್ರಪಿಂಡ ದಿನಕ್ಕೆ ಹತ್ತು ಲೀಟರಿಗೂ ಹೆಚ್ಚು ನೀರನ್ನು ಸಲೀಸಾಗಿ ಹೊರಹಾಕಬಲ್ಲದು. ಅಜ್ಜಿ ಕುಡಿದದ್ದು ಅದರ ಕಾಲು ಭಾಗವೂ ಇರಲಾರದು.

ಉತ್ತರ ಸಿಗುವುದು ಮಿದುಳಿನ ತಳದಲ್ಲಿ. ಹೈಪೋಥಲಾಮಸ್ ಎಂಬ ಭಾಗದ ಕೆಲವು ಜೀವಕೋಶಗಳು ರಕ್ತ ಎಷ್ಟು ಗಟ್ಟಿ, ಎಷ್ಟು ತೆಳು ಎಂಬುದನ್ನು ಹಗಲೂ ರಾತ್ರಿ ಗಮನಿಸುತ್ತಿರುತ್ತವೆ. ಶೇಕಡಾ ಒಂದೆರಡರಷ್ಟು ವ್ಯತ್ಯಾಸವೂ ಅವಕ್ಕೆ ತಿಳಿಯುತ್ತದೆ. ರಕ್ತ ಗಟ್ಟಿಯಾದರೆ ಬಾಯಾರಿಕೆ ಹುಟ್ಟುತ್ತದೆ. ಜೊತೆಗೆ ವಾಸೊಪ್ರೆಸ್ಸಿನ್ ಎಂಬ ಹಾರ್ಮೋನು ಪಿಟ್ಯುಟರಿ ಗ್ರಂಥಿಯಿಂದ ಹೊರಟು ಮೂತ್ರಪಿಂಡಕ್ಕೆ ‘ನೀರು ಬಿಡಬೇಡ’ ಎಂದು ಅಪ್ಪಣೆ ಕೊಡುತ್ತದೆ. ಅಪ್ಪಣೆ ಬಂದೊಡನೆ ಮೂತ್ರನಾಳಿಕೆಗಳ ಗೋಡೆಯಲ್ಲಿ ನೀರಿಗೆಂದೇ ಇರುವ ಸೂಕ್ಷ್ಮ ಕಿಂಡಿಗಳು ತೆರೆದುಕೊಂಡು ನೀರು ರಕ್ತಕ್ಕೆ ಮರಳುತ್ತದೆ. ಈ ಕಿಂಡಿಗಳ ಬಳಗವೇ ಅಕ್ವಾಪೋರಿನ್. ಅದರ ಮೊದಲ ಸದಸ್ಯನನ್ನು ಗುರುತಿಸಿದ ಅಮೆರಿಕದ ಪೀಟರ್ ಆಗ್ರೆ 2003ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ರಕ್ತ ತೆಳುವಾದಾಗ ವಾಸೊಪ್ರೆಸ್ಸಿನ್ ನಿಲ್ಲಬೇಕು, ಕಿಂಡಿ ಮುಚ್ಚಬೇಕು, ನೀರಿನಂಥ ಮೂತ್ರ ಹರಿಯಬೇಕು. ಇದು ನಿಯಮ.

ಆದರೆ ಈ ಹಾರ್ಮೋನು ರಕ್ತದ ಸಾಂದ್ರತೆಯ ಮಾತನ್ನು ಮಾತ್ರ ಕೇಳುವುದಿಲ್ಲ. ನೋವು, ವಾಂತಿ, ಹೊಟ್ಟೆ ತೊಳಸು, ಭೇದಿಯಿಂದ ರಕ್ತದ ಪ್ರಮಾಣ ಕುಗ್ಗುವುದು, ನ್ಯುಮೋನಿಯಾ, ಕ್ಷಯದಿಂದಾದ ಮಿದುಳುಪೊರೆಯ ಉರಿಯೂತ, ಶಸ್ತ್ರಚಿಕಿತ್ಸೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೀನ್, ಇವೆಲ್ಲ ಅದನ್ನು ಹೊರಡಿಸಬಲ್ಲವು ಅಥವಾ ಅದರ ಕೆಲಸವನ್ನು ಬಲಪಡಿಸಬಲ್ಲವು. 1957ರಲ್ಲಿ ವಿಲಿಯಂ ಶ್ವಾರ್ಟ್ಸ್, ಫ್ರೆಡರಿಕ್ ಬಾರ್ಟರ್ ಮತ್ತು ಸಂಗಡಿಗರು ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಬ್ಬರು ರೋಗಿಗಳನ್ನು ವರ್ಣಿಸಿದರು. ರಕ್ತ ತೀರಾ ತೆಳುವಾಗಿದ್ದರೂ ಅವರ ಮೂತ್ರ ಗಟ್ಟಿಯಾಗಿಯೇ ಇತ್ತು; ಬೇಡದ ಹೊತ್ತಿನಲ್ಲೂ ‘ನೀರು ಬಿಡಬೇಡ’ ಎಂಬ ಅಪ್ಪಣೆ ಹೊರಡುತ್ತಲೇ ಇತ್ತು. ಸೋಡಿಯಂ ಇಳಿದ ರೋಗಿಯ ರಕ್ತದ ಜೊತೆ ಮೂತ್ರವನ್ನೂ ಪರೀಕ್ಷೆಗೆ ಕಳಿಸುವ ಪದ್ಧತಿಗೆ ಇದೇ ಕಾರಣ. ‘ತಲೆಗೆ ಏನೋ ಆಗಿದೆ ಅಂದರೆ ಇವರು ಮೂತ್ರ ಕೇಳ್ತಾರಲ್ಲ’ ಎಂದು ಮನೆಯವರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಕಾರಣ ಎಲ್ಲಿದೆ ಎಂದು ಹೇಳುವುದು ಬಹಳ ಸಲ ಚಿಕ್ಕ ಡಬ್ಬಿಯಲ್ಲಿ ಹಿಡಿದ ಆ ಮೂತ್ರವೇ.

ಅಜ್ಜಿಯ ಹೊಸ ಮಾತ್ರೆಗೆ ಬರೋಣ. ಅದು ಥಯಜೈಡ್ ಗುಂಪಿನದು. ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್, ಇಂಡಪಮೈಡ್ ಎಂಬ ಹೆಸರುಗಳು ಸ್ಟ್ರಿಪ್‌ನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಅನೇಕ ಸಲ ಇನ್ನೊಂದು ಬಿಪಿ ಔಷಧದ ಜೊತೆಗೂಡಿ ಇರುತ್ತವೆ. ಇವು ಒಳ್ಳೆಯ ಔಷಧಗಳು. ಅಗ್ಗ, ಪರಿಣಾಮಕಾರಿ, ಲಕ್ಷಾಂತರ ಜನರನ್ನು ಪಾರ್ಶ್ವವಾಯುವಿನಿಂದ ಕಾಪಾಡಿವೆ. ಆದರೆ ಮೂತ್ರವನ್ನು ತೆಳುವಾಗಿಸಲು ಮೂತ್ರಪಿಂಡ ಬಳಸುವ ಒಂದು ಹಂತವನ್ನೇ ಇವು ತಡೆಯುತ್ತವೆ. ತೆಳು ಮೈಕಟ್ಟಿನ ವಯಸ್ಸಾದ ಹೆಂಗಸರಲ್ಲಿ ಇದರಿಂದ ಸೋಡಿಯಂ ಕುಸಿಯುವ ಅಪಾಯ ಹೆಚ್ಚು, ಅದೂ ಮಾತ್ರೆ ಶುರುವಾದ ಮೊದಲ ಕೆಲವು ವಾರಗಳಲ್ಲಿ.

ಇದರ ಮೇಲೆ ಗಂಜಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಪಥ್ಯವೆಂದರೆ ಗಂಜಿಯೇ. ಮೂತ್ರಪಿಂಡ ಬರಿಯ ನೀರನ್ನು ಹೊರಹಾಕಲಾರದು. ಪ್ರತಿ ಲೀಟರಿನ ಜೊತೆ ಒಂದಿಷ್ಟು ಕರಗಿದ ಕಣಗಳನ್ನು ಕಳಿಸಲೇಬೇಕು. ಆ ಕಣಗಳು ಬರುವುದು ಆಹಾರದ ಉಪ್ಪಿನಿಂದ, ಬೇಳೆ, ಹಾಲು, ಮೊಟ್ಟೆಯ ಪ್ರೋಟೀನಿನಿಂದ. ಎಲ್ಲವನ್ನೂ ಉಣ್ಣುವವರಲ್ಲಿ ದಿನಕ್ಕೆ 600 ಘಟಕದಷ್ಟು ಕಣಗಳು ಸಿಕ್ಕರೆ, ಲೀಟರಿಗೆ 50ರಂತೆ ಹನ್ನೆರಡು ಲೀಟರ್ ನೀರು ಹೊರಹೋಗಬಹುದು. ಉಪ್ಪೂ ಬೇಳೆಯೂ ಇಲ್ಲದ ತಿಳಿಗಂಜಿಯಲ್ಲಿ ದಿನ ಕಳೆದಾಗ ಆ 600 ಎಂಬುದು 200ಕ್ಕೆ ಇಳಿಯುತ್ತದೆ. ವಯಸ್ಸಾದ ಮೂತ್ರಪಿಂಡಕ್ಕೆ ಲೀಟರಿಗೆ 100ಕ್ಕಿಂತ ತೆಳುವಾಗಿಸುವುದು ಕಷ್ಟ. ಈಗ ಹೊರಹೋಗುವುದು ಎರಡೇ ಲೀಟರ್. ಅದಕ್ಕಿಂತ ಹೆಚ್ಚು ಕುಡಿದ ಪ್ರತಿಯೊಂದು ಲೋಟವೂ ಮೈಯಲ್ಲೇ ಉಳಿಯುತ್ತದೆ. ಎಳನೀರು ಕೂಡ ಇಲ್ಲಿ ಸಹಾಯಕ್ಕೆ ಬರುವುದು ಕಮ್ಮಿ. ಅದರಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಬಹಳ ಕಡಿಮೆ. ಹೀಗೆ ಹೊಸ ಮಾತ್ರೆ, ಭೇದಿ, ಗಂಜಿ, ‘ನೀರು ಕುಡಿಯಿರಿ’ ಎಂಬ ಸದುದ್ದೇಶದ ಸಲಹೆ, ನಾಲ್ಕೂ ಸೇರಿ ಅಜ್ಜಿಯನ್ನು 112ಕ್ಕೆ ತಂದು ನಿಲ್ಲಿಸಿದವು. ಬಿಡಿಬಿಡಿಯಾಗಿ ಬಂದಿದ್ದರೆ ಬಹುಶಃ ಯಾವುದೂ ಅಷ್ಟು ಕೆಡುಕು ಮಾಡುತ್ತಿರಲಿಲ್ಲ.

ನೀರು ಹೆಚ್ಚಾದರೆ ಕಾಲು ಊದಬೇಕು, ಮುಖ ಊದಬೇಕು. ಮಾತು ಏಕೆ ತಪ್ಪುತ್ತದೆ? ತೆಳುವಾದ ರಕ್ತದಿಂದ ನೀರು ಜೀವಕೋಶಗಳ ಒಳಕ್ಕೆ ನುಗ್ಗುತ್ತದೆ. ಮೈಯ ಇತರ ಕೋಶಗಳು ಅಷ್ಟಿಷ್ಟು ಉಬ್ಬಿಕೊಂಡರೂ ಜಾಗವಿದೆ. ಮಿದುಳು ಮೂಳೆಯ ಪೆಟ್ಟಿಗೆಯಲ್ಲಿದೆ. ಅದು ಉಬ್ಬಿದರೆ ಒತ್ತಡ ಏರುತ್ತದೆ: ತಲೆನೋವು, ವಾಂತಿ, ಗೊಂದಲ, ಫಿಟ್ಸ್, ಕೊನೆಗೆ ಉಸಿರು ನಿಲ್ಲುವುದು. ಆದರೆ ಮಿದುಳು ಕೈಕಟ್ಟಿ ಕೂರುವುದಿಲ್ಲ. ಸೋಡಿಯಂ ಇಳಿಯತೊಡಗಿದ ಕೆಲವೇ ಗಂಟೆಗಳಲ್ಲಿ ಅದರ ಕೋಶಗಳು ತಮ್ಮೊಳಗಿನ ಪೊಟ್ಯಾಸಿಯಂ ಅನ್ನು, ಆಮೇಲೆ ಒಂದೆರಡು ದಿನದಲ್ಲಿ ಕೆಲವು ಸಾವಯವ ಕಣಗಳನ್ನು ಹೊರಕ್ಕೆ ತಳ್ಳಿ ತಾವೂ ತೆಳುವಾಗುತ್ತವೆ. ಒಳಗೂ ಹೊರಗೂ ಸಮವಾದರೆ ನೀರು ನುಗ್ಗುವುದಿಲ್ಲ, ಊತ ಇಳಿಯುತ್ತದೆ. ಈ ಹೊಂದಾಣಿಕೆಗೆ ಸುಮಾರು 48 ಗಂಟೆ ಬೇಕು.

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಕೀಲಿ ಈ 48 ಗಂಟೆಗಳಲ್ಲಿದೆ. ಮೂರು ವಾರದಲ್ಲಿ 112ಕ್ಕೆ ಇಳಿದ ಅಜ್ಜಿ ಮಂಕಾಗಿ ಕೂತಿರುತ್ತಾರೆ, ಹೆಸರು ಮರೆಯುತ್ತಾರೆ, ಆದರೆ ಉಸಿರಾಡುತ್ತಿರುತ್ತಾರೆ. ನಾಲ್ಕು ಗಂಟೆಯಲ್ಲಿ 122ಕ್ಕೆ ಇಳಿದ ಯುವಕ ಫಿಟ್ಸ್ ಬಂದು ಸಾಯಬಹುದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13ರಷ್ಟು ಮಂದಿಯ ಸೋಡಿಯಂ 135 ಅಥವಾ ಅದಕ್ಕಿಂತ ಕೆಳಗಿತ್ತು. ಮೂವರದು 120 ಅಥವಾ ಅದಕ್ಕೂ ಕೆಳಗಿತ್ತು. ಹೆಚ್ಚಿನ ಅಪಾಯ ಕಂಡದ್ದು ಓಡುವಾಗ ತೂಕ ಕಳೆದುಕೊಳ್ಳುವ ಬದಲು ಏರಿಸಿಕೊಂಡವರಲ್ಲಿ, ಎಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ. ಬೆಂಗಳೂರಿನಲ್ಲೂ 2008ರಿಂದ ವರ್ಲ್ಡ್ 10ಕೆ ಓಟ ನಡೆಯುತ್ತಿದೆ, ದೂರದ ಓಟದ ಹುರುಪು ಪ್ರತಿ ಬಡಾವಣೆಯಲ್ಲೂ ಕಾಣುತ್ತಿದೆ. ಓಡುವವರಿಗೆ ಹೇಳಬೇಕಾದ ಮಾತು ಒಂದೇ: ಬಾಯಾರಿದಾಗ ಕುಡಿಯಿರಿ, ಬಾಯಾರಿಕೆಗೆ ಮೀರಿ ಕುಡಿಯಬೇಡಿ.

ನಿಧಾನವಾಗಿ ಇಳಿದ ಸೋಡಿಯಂ ಸುರಕ್ಷಿತ ಎಂದು ಇದರ ಅರ್ಥವಲ್ಲ. ಬ್ರಸೆಲ್ಸ್‌ನ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಲಕ್ಷಣಗಳೇ ಇಲ್ಲ’ ಎನ್ನಲಾದ 122 ಹೈಪೋನಟ್ರೀಮಿಯಾ ರೋಗಿಗಳ ಪೈಕಿ ಶೇಕಡಾ 21 ಮಂದಿ ಬಿದ್ದು ಆಸ್ಪತ್ರೆಗೆ ಬಂದಿದ್ದರು. ಸೋಡಿಯಂ ಸರಿಯಿದ್ದವರಲ್ಲಿ ಹಾಗೆ ಬಿದ್ದವರು ಶೇಕಡಾ 5. ರೋಗಿಗಳನ್ನು ನೇರ ಗೆರೆಯ ಮೇಲೆ ನಡೆಸಿದಾಗ ಹೆಜ್ಜೆ ಓಲಾಡುತ್ತಿತ್ತು. ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರ ಎಕ್ಸ್‌ರೇ ನೋಡುವಾಗ, ಜಾರಿಸಿದ್ದು ನೆಲದ ನೀರೋ ಮೈಯೊಳಗಿನ ನೀರೋ ಎಂದು ಕೇಳುವುದು ಅತಿರೇಕವೇನಲ್ಲ.

ಇನ್ನು ಚಿಕಿತ್ಸೆ. ಫಿಟ್ಸ್ ಬರುತ್ತಿದ್ದರೆ, ಎಚ್ಚರ ತಪ್ಪುತ್ತಿದ್ದರೆ ತಡಮಾಡುವಂತಿಲ್ಲ. ಮಾಮೂಲಿ ಸಲೈನಿನ ಮೂರು ಪಟ್ಟಿಗೂ ಹೆಚ್ಚು ಗಟ್ಟಿಯಾದ ಶೇಕಡಾ 3ರ ಸಲೈನ್ ಅನ್ನು 100ರಿಂದ 150 ಮಿಲಿಲೀಟರಿನಷ್ಟು ಹತ್ತಿಪ್ಪತ್ತು ನಿಮಿಷದಲ್ಲಿ ಕೊಡುತ್ತಾರೆ, ಬೇಕಾದರೆ ಮತ್ತೆ ಕೊಡುತ್ತಾರೆ. ಅಂಕಿ ನಾಲ್ಕರಿಂದ ಆರು ಏರಿದರೆ ಮಿದುಳಿನ ಊತದ ಅಪಾಯ ಸಾಮಾನ್ಯವಾಗಿ ಕಳೆಯುತ್ತದೆ. 112 ಇದ್ದದ್ದು 117 ಆದರೆ ಸಾಕು. 140ಕ್ಕೆ ತರಬೇಕೆಂಬ ಆತುರ ಆ ರಾತ್ರಿ ಬೇಡ.

ಬೇಡವೆಂಬುದನ್ನು ವೈದ್ಯಲೋಕ ಕಲಿತದ್ದು ಬಹಳ ನೋವುಂಡು. 1959ರಲ್ಲಿ ಅಮೆರಿಕದ ರೇಮಂಡ್ ಆಡಮ್ಸ್, ಮಾರಿಸ್ ವಿಕ್ಟರ್, ಎಲಿಯಟ್ ಮ್ಯಾಂಕಾಲ್ ಕುಡಿತದ ಚಟ ಅಥವಾ ತೀವ್ರ ಅಪೌಷ್ಟಿಕತೆ ಇದ್ದ ನಾಲ್ವರಲ್ಲಿ ಒಂದು ವಿಚಿತ್ರ ಕಾಯಿಲೆಯನ್ನು ವರ್ಣಿಸಿದರು. ಮಿದುಳುಕಾಂಡದ ನಡುವಿನಲ್ಲಿ ನರತಂತುಗಳ ಮೇಲಿನ ಮಯಲಿನ್ ಹೊದಿಕೆ ನಾಶವಾಗಿತ್ತು. ಅದಕ್ಕೂ ಸೋಡಿಯಂ ಚಿಕಿತ್ಸೆಗೂ ಇರುವ ನಂಟು ಬಿಡಿಸಿಕೊಳ್ಳಲು ಮತ್ತೆ ಕಾಲು ಶತಮಾನ ಹಿಡಿಯಿತು. 1986ರಲ್ಲಿ ರಿಚರ್ಡ್ ಸ್ಟರ್ನ್ಸ್ ಮತ್ತು ಸಂಗಡಿಗರು ಸೋಡಿಯಂ ಅನ್ನು ವೇಗವಾಗಿ ಏರಿಸಿದ ಮೇಲೆ ಹೀಗಾದ ರೋಗಿಗಳ ವಿವರ ಕೊಟ್ಟರು. ಕಾರಣ ಆ 48 ಗಂಟೆಯ ಹೊಂದಾಣಿಕೆಯಲ್ಲೇ ಇದೆ. ಕಣಗಳನ್ನು ಹೊರಹಾಕಿ ತೆಳುವಾಗಿ ಬದುಕಲು ಕಲಿತ ಮಿದುಳಿಗೆ ಅವನ್ನು ಮರಳಿ ಪಡೆಯಲು ದಿನಗಳು ಬೇಕು. ಅಷ್ಟರಲ್ಲಿ ರಕ್ತ ಒಮ್ಮೆಲೇ ಗಟ್ಟಿಯಾದರೆ ಕೋಶಗಳು ಕುಗ್ಗುತ್ತವೆ, ಮಯಲಿನ್ ಕಟ್ಟುವ ಕೋಶಗಳು ಸಾಯುತ್ತವೆ. ರೋಗಿ ಮೊದಲು ಚೇತರಿಸಿಕೊಳ್ಳುತ್ತಾರೆ, ಮಾತಾಡುತ್ತಾರೆ, ಮನೆಯವರು ನಿಟ್ಟುಸಿರುಬಿಡುತ್ತಾರೆ. ಎರಡರಿಂದ ಆರು ದಿನ ಕಳೆದ ಮೇಲೆ ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೈಕಾಲು ಸೋಲುತ್ತವೆ. ತೀರಾ ಕೆಟ್ಟ ಸ್ಥಿತಿಯಲ್ಲಿ ಕಣ್ಣು ಮಾತ್ರ ಆಡುತ್ತದೆ, ಎಚ್ಚರ ಪೂರ್ತಿ ಇರುತ್ತದೆ.

ಇದಕ್ಕಾಗಿಯೇ ಮೊದಲ 24 ಗಂಟೆಯಲ್ಲಿ ಏರಿಕೆ 8ರಿಂದ 10ನ್ನು ಮೀರಬಾರದು ಎಂಬ ನಿಯಮ. ಕುಡಿತದ ಚಟ, ಅಪೌಷ್ಟಿಕತೆ, ಯಕೃತ್ತಿನ ಕಾಯಿಲೆ, ಪೊಟ್ಯಾಸಿಯಂ ಕೊರತೆ ಇದ್ದವರಲ್ಲಿ, 105ಕ್ಕೋ ಅದಕ್ಕೂ ಕೆಳಕ್ಕೋ ಇಳಿದವರಲ್ಲಿ ಇನ್ನೂ ಬಿಗಿ. ಈಚೆಗೆ ಇದರ ಬಗ್ಗೆ ಚರ್ಚೆಯೂ ಎದ್ದಿದೆ. 2023ರಲ್ಲಿ ಪ್ರಕಟವಾದ ಟೊರಾಂಟೊ ಆಸ್ಪತ್ರೆಗಳ ಅಧ್ಯಯನ 22,000ಕ್ಕೂ ಹೆಚ್ಚು ದಾಖಲಾತಿಗಳನ್ನು ನೋಡಿದಾಗ ಈ ಮಯಲಿನ್ ನಾಶದ ಕಾಯಿಲೆ ಸಿಕ್ಕಿದ್ದು 12 ಮಂದಿಯಲ್ಲಿ. ಅವರಲ್ಲಿ ಕೆಲವರಿಗೆ ಸೋಡಿಯಂ ವೇಗವಾಗಿ ಏರಿಯೇ ಇರಲಿಲ್ಲ. ಹೆದರಿ ತೀರಾ ನಿಧಾನ ಮಾಡುವುದರಿಂದಲೂ ಹಾನಿಯಿದೆ ಎನ್ನುವವರ ವಾದದಲ್ಲಿ ಹುರುಳಿದೆ. ಆದರೆ ಅಪಾಯದ ಗುಂಪಿನಲ್ಲಿರುವ ರೋಗಿಯ ವಿಷಯದಲ್ಲಿ ನಿಧಾನವೇ ಲೇಸು ಎಂಬ ಪಕ್ಷ ನನ್ನದು. ತೊಂದರೆ ಅಪರೂಪ ನಿಜ, ಬಂದರೆ ಮಾತ್ರ ಬದುಕಿಡೀ ಉಳಿಯುವಂಥದ್ದು.

ವೇಗ ಹತೋಟಿ ತಪ್ಪುವುದು ಬಹಳ ಸಲ ಔಷಧದಿಂದಲ್ಲ, ರೋಗಿಯ ಸ್ವಂತ ಮೂತ್ರಪಿಂಡದಿಂದ. ಥಯಜೈಡ್ ನಿಂತಿತು, ಸಲೈನ್ ಸಿಕ್ಕಿ ರಕ್ತದ ಪ್ರಮಾಣ ತುಂಬಿತು, ವಾಂತಿ ಅಡಗಿತು. ವಾಸೊಪ್ರೆಸ್ಸಿನ್‌ಗೆ ಈಗ ಕೆಲಸವಿಲ್ಲ. ಕಿಂಡಿಗಳು ಮುಚ್ಚಿ ಗಂಟೆಗೆ ನೂರಾರು ಮಿಲಿಲೀಟರ್ ತಿಳಿನೀರಿನಂಥ ಮೂತ್ರ ಹರಿಯತೊಡಗುತ್ತದೆ, ಸೋಡಿಯಂ ತಾನೇ ಮೇಲಕ್ಕೆ ಜಿಗಿಯುತ್ತದೆ. ‘ಚೆನ್ನಾಗಿ ಯೂರಿನ್ ಹೋಗ್ತಿದೆ’ ಎಂದು ಮನೆಯವರು ಸಮಾಧಾನಪಡುವ ಹೊತ್ತಿಗೇ ವೈದ್ಯರ ಆತಂಕ ಏರುತ್ತದೆ. ಐಸಿಯುನಲ್ಲಿ ಸಿಸ್ಟರ್ ಗಂಟೆಗೊಮ್ಮೆ ಮೂತ್ರದ ಚೀಲ ನೋಡಿ ಅಳತೆ ಬರೆಯುವುದು, ಕೆಲವೇ ಗಂಟೆಗಳಿಗೊಮ್ಮೆ ಮತ್ತೆ ರಕ್ತ ತೆಗೆಯುವುದು ಇದಕ್ಕಾಗಿ. ಬಿಲ್ಲು ಹೆಚ್ಚಿಸಲು ಪದೇಪದೇ ರಕ್ತ ತೆಗೆಯುತ್ತಾರೆ ಎಂಬ ಅನುಮಾನ ಜನರಲ್ಲಿದೆ. ಈ ಒಂದು ಕಾಯಿಲೆಯಲ್ಲಿ ಆ ಅನುಮಾನವನ್ನು ದಯವಿಟ್ಟು ಬದಿಗಿಡಿ. ಅಂಕಿ ಮಿತಿ ಮೀರಿದರೆ ನೀರು ಕೊಟ್ಟು, ಡೆಸ್ಮೊಪ್ರೆಸ್ಸಿನ್ ಎಂಬ ಕೃತಕ ಹಾರ್ಮೋನು ಕೊಟ್ಟು ಮತ್ತೆ ಕೆಳಕ್ಕೆ ಇಳಿಸಬೇಕಾಗುತ್ತದೆ.

‘ಸುಸ್ತಾಗಿದೆ, ಒಂದು ಗ್ಲೂಕೋಸ್ ಹಾಕಿಬಿಡಿ’ ಎಂದು ಕ್ಲಿನಿಕ್ಕಿಗೆ ಹೋಗಿ ಕೇಳುವ ರೂಢಿ ನಮ್ಮಲ್ಲಿ ಬಲವಾಗಿದೆ. ಶೇಕಡಾ 5ರ ಗ್ಲೂಕೋಸ್ ಬಾಟಲಿಯಲ್ಲಿರುವ ಸಕ್ಕರೆಯನ್ನು ಮೈ ಬೇಗ ಬಳಸಿಕೊಳ್ಳುತ್ತದೆ, ಉಳಿಯುವುದು ನೀರು. ಸೋಡಿಯಂ ಇಳಿದು ಸುಸ್ತಾದ ವ್ಯಕ್ತಿಗೆ ಅದನ್ನು ಹಾಕಿದರೆ ಇನ್ನಷ್ಟು ಇಳಿಯುತ್ತದೆ. ಇದು ಎಷ್ಟು ಘೋರವಾಗಬಲ್ಲದು ಎಂದು 1986ರಲ್ಲೇ ಆಲನ್ ಏರಿಯಫ್ ಎಂಬ ವೈದ್ಯರು ತೋರಿಸಿದರು. ಸಾಮಾನ್ಯ ಶಸ್ತ್ರಚಿಕಿತ್ಸೆಗೆಂದು ಬಂದಿದ್ದ ಆರೋಗ್ಯವಂತ 15 ಹೆಂಗಸರು, ಆಪರೇಷನ್ ನಂತರ ಇಂಥ ತೆಳು ದ್ರವಗಳನ್ನು ಪಡೆದು, ಸುಮಾರು ಎರಡು ದಿನದಲ್ಲಿ ಸರಾಸರಿ 108ಕ್ಕೆ ಇಳಿದು, ಫಿಟ್ಸ್ ಬಂದು ಸತ್ತರು ಅಥವಾ ಶಾಶ್ವತ ಮಿದುಳು ಹಾನಿಗೆ ಗುರಿಯಾದರು. ನೋವು ಮತ್ತು ಶಸ್ತ್ರಚಿಕಿತ್ಸೆ ಅವರ ವಾಸೊಪ್ರೆಸ್ಸಿನ್ ಅನ್ನು ಏರಿಸಿಟ್ಟಿದ್ದವು. ಬಾಟಲಿಯ ನೀರಿಗೆ ಹೊರದಾರಿ ಇರಲಿಲ್ಲ.

ಮಾಮೂಲಿ ಸಲೈನ್ ಆದರೂ ಎಲ್ಲರಿಗೂ ಒಗ್ಗುತ್ತದೆಯೇ? ಇಲ್ಲ. ಭೇದಿಯಾದ ಅಜ್ಜಿಗೆ ಅದು ಸರಿ. ನ್ಯುಮೋನಿಯಾದಿಂದ ವಾಸೊಪ್ರೆಸ್ಸಿನ್ ಹೆಚ್ಚಾದವರಿಗೆ ತಿರುಗುಬಾಣವಾಗಬಹುದು. ಒಂದು ಲೀಟರ್ ಸಲೈನಿನಲ್ಲಿ 308 ಘಟಕ ಕಣಗಳಿವೆ. ರೋಗಿಯ ಮೂತ್ರ ಅದರ ಎರಡರಷ್ಟು ಗಟ್ಟಿಯಿದ್ದರೆ ಆ ಕಣಗಳೆಲ್ಲ ಅರ್ಧ ಲೀಟರ್ ಮೂತ್ರದಲ್ಲಿ ಹೊರಹೋಗುತ್ತವೆ. ಉಳಿದ ಅರ್ಧ ಲೀಟರ್ ಬರೀ ನೀರಾಗಿ ಒಳಗೆ ಉಳಿಯುತ್ತದೆ. ಅಂಥವರಿಗೆ ಚಿಕಿತ್ಸೆ ನೀರನ್ನು ಕಡಿಮೆ ಮಾಡುವುದು. ಹೃದಯ ಅಥವಾ ಯಕೃತ್ತು ಸೋತು ಕಾಲು ಊದಿದವರಿಗೆ ದಾರಿ ಇನ್ನೊಂದು. ಶುಗರ್ 600 ಇರುವವರಲ್ಲಿ ಸಕ್ಕರೆಯೇ ಕೋಶಗಳಿಂದ ನೀರೆಳೆದು ಸೋಡಿಯಂ ಅನ್ನು ಎಂಟು ಹತ್ತರಷ್ಟು ಇಳಿಸಿ ತೋರಿಸುತ್ತದೆ. ಶುಗರ್ ಇಳಿದಂತೆ ಅದು ಏರುತ್ತದೆ. ಒಂದೇ ಅಂಕಿ, ನಾಲ್ಕು ಬೇರೆ ಬೇರೆ ಕಾಯಿಲೆ.

ಇನ್ನೊಂದು ಕಾರಣವನ್ನು ಬಿಡುವಂತಿಲ್ಲ, ಏಕೆಂದರೆ ಅದು ನಮ್ಮ ದೇಶದ ಹೆಂಗಸರ ಹಳೆಯ ಸಂಕಟ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದಾಗ ಪಿಟ್ಯುಟರಿ ಗ್ರಂಥಿಗೆ ರಕ್ತ ಸಾಲದೆ ಅದು ಸಾಯಬಹುದು. ಇದೇ ಶೀಹಾನ್ ಸಿಂಡ್ರೋಮ್. ತಾಯಿ ಬದುಕುತ್ತಾಳೆ, ಆದರೆ ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಸುಸ್ತು ಬಿಡುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಹೀಗೆಯೇ ಕಳೆದು ಯಾವುದೋ ಜ್ವರದಲ್ಲಿ ಆಕೆ ಎಮರ್ಜೆನ್ಸಿಗೆ ಬರುತ್ತಾಳೆ, ಸೋಡಿಯಂ 110. ಪಿಟ್ಯುಟರಿ ಕೆಟ್ಟು ಕಾರ್ಟಿಸೋಲ್ ಇಲ್ಲದಾದಾಗ ವಾಸೊಪ್ರೆಸ್ಸಿನ್‌ಗೆ ಲಗಾಮಿಲ್ಲ. ಕಾರ್ಟಿಸೋಲ್ ಇಂಜೆಕ್ಷನ್ ಕೊಟ್ಟರೆ ಸೋಡಿಯಂ ಏರತೊಡಗುತ್ತದೆ, ಅದೂ ವೇಗವಾಗಿ. ರೋಗ ಹಿಡಿಯಲು ಬೇಕಾದದ್ದು ದುಬಾರಿ ಯಂತ್ರವಲ್ಲ, ‘ಅಮ್ಮಾ, ಕೊನೇ ಹೆರಿಗೇಲಿ ತುಂಬಾ ರಕ್ತ ಹೋಗಿತ್ತಾ? ಮಗುಗೆ ಹಾಲು ಬಂತಾ?’ ಎಂಬ ಎರಡು ಪ್ರಶ್ನೆ.

ಸೋಡಿಯಂ ಏರಿಕೆಯ ಕಥೆ ಚಿಕ್ಕದು, ಆದರೆ ಹೆಚ್ಚು ಬೇಸರದ್ದು. ಬಾಯಾರಿಕೆ ಇರುವ, ಕೈಗೆ ನೀರು ಸಿಗುವ ಯಾರಲ್ಲೂ ಅದು ಸಾಮಾನ್ಯವಾಗಿ 150 ದಾಟುವುದಿಲ್ಲ. ಆದ್ದರಿಂದ 165 ಎಂಬ ಅಂಕಿಯೊಂದಿಗೆ ಬರುವವರು ಬಹುತೇಕ ನೀರು ಕೇಳಲಾರದವರು: ಪಾರ್ಶ್ವವಾಯು ಹೊಡೆದು ಮಲಗಿದವರು, ಮರೆವಿನ ಕಾಯಿಲೆಯ ಹಿರಿಯರು, ಎದೆಹಾಲು ಸಾಲದ ಹಸುಗೂಸುಗಳು. ಮೂಗಿನ ನಳಿಕೆಯಲ್ಲಿ ಆಹಾರ ಕೊಡುವ ಮನೆಗಳಲ್ಲಿ ಗಂಜಿ, ಹಾಲಿನ ಲೆಕ್ಕ ಇರುತ್ತದೆ, ನೀರಿನ ಲೆಕ್ಕ ತಪ್ಪಿಹೋಗುತ್ತದೆ.

ಹಳ್ಳಿಗಳಲ್ಲಿ ಇನ್ನೊಂದು ಬಗೆಯಿದೆ. ಯಾರಾದರೂ ಕೀಟನಾಶಕ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು. ಎರಡು ಮೂರು ದೊಡ್ಡ ಚಮಚದಲ್ಲಿ 50 ಗ್ರಾಂ ಉಪ್ಪು, ಎಂದರೆ 850 ಮಿಲಿಮೋಲ್ ಸೋಡಿಯಂ. ವಾಂತಿಯಾಗದೆ ಅದು ಒಳಗೇ ಉಳಿದರೆ, 30 ಲೀಟರ್ ನೀರಿರುವ ಮೈಯಲ್ಲಿ ಸೋಡಿಯಂ 140ರಿಂದ 168ಕ್ಕೆ ಏರುತ್ತದೆ. ವಿಷಕ್ಕಿಂತ ಮೊದಲು ಉಪ್ಪೇ ಕೊಲ್ಲಬಹುದು. ಕುಗ್ಗಿದ ಮಿದುಳು ರಕ್ತನಾಳಗಳನ್ನು ಎಳೆದು ಹರಿಯುತ್ತದೆ. ಉಪ್ಪುನೀರು ಕುಡಿಸಬೇಡಿ. ವಿಷದ ಬಾಟಲಿಯನ್ನು ಜೊತೆಗಿಟ್ಟುಕೊಂಡು ನೇರ ಆಸ್ಪತ್ರೆಗೆ ಬನ್ನಿ.

ಏರಿದ ಸೋಡಿಯಂ ಅನ್ನು ಇಳಿಸುವಾಗಲೂ ಅವಸರ ಸಲ್ಲದು. ಗಂಗಾನಗರದ ನೆರೆಯ ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿದೆ. ಪಶುವೈದ್ಯರಿಗೆ ಈ ಪಾಠ ಹಳೆಯದು. ಹಂದಿದೊಡ್ಡಿಯ ನಲ್ಲಿ ಕೆಟ್ಟು ಒಂದೆರಡು ದಿನ ನೀರಿಲ್ಲದೆ, ಆಮೇಲೆ ಒಮ್ಮೆಲೇ ಬೇಕಾದಷ್ಟು ನೀರು ಸಿಕ್ಕರೆ ಹಂದಿಗಳು ಕೆಲವೇ ಗಂಟೆಗಳಲ್ಲಿ ಕುರುಡಾಗಿ, ಸುತ್ತು ಹೊಡೆದು, ಫಿಟ್ಸ್ ಬಂದು ಬೀಳುತ್ತವೆ. ನೀರಿಲ್ಲದ ದಿನಗಳಲ್ಲಿ ಮಿದುಳು ಕಣಗಳನ್ನು ಕೂಡಿಟ್ಟುಕೊಂಡಿರುತ್ತದೆ. ಹೊಸ ನೀರು ಅದರೊಳಗೆ ನುಗ್ಗುತ್ತದೆ. ಮನುಷ್ಯರಲ್ಲೂ, ಅದರಲ್ಲೂ ಮಕ್ಕಳಲ್ಲಿ, ದಿನಗಟ್ಟಲೆ ಏರಿದ್ದ ಸೋಡಿಯಂ ಅನ್ನು ದಿನಕ್ಕೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಇಳಿಸದಿರುವುದು ಅದೇ ಕಾರಣಕ್ಕೆ.

ಇನ್ನು ಅಜ್ಜಿಯನ್ನು ಕಾಡಿದ ಭೇದಿ. ಅದಕ್ಕೆ ಸರಿಯಾದ ಉತ್ತರವನ್ನು ಜಗತ್ತಿಗೆ ತೋರಿಸಿದವರಲ್ಲಿ ನಮ್ಮವರೂ ಇದ್ದಾರೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಹೀರಲ್ಪಡುತ್ತವೆ, ನೀರು ಹಿಂಬಾಲಿಸುತ್ತದೆ ಎಂಬುದೇ ಅದರ ಗುಟ್ಟು. ಇಂದಿನ ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಇದೆ. ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಕದಡಿ ಮಗುವಿಗೆ ಕುಡಿಸಿದರೆ ಸೋಡಿಯಂ ಅಪಾಯಕ್ಕೆ ಏರುತ್ತದೆ. ಪೊಟ್ಟಣದ ಮೇಲೆ ಬರೆದ ಅಳತೆಯಲ್ಲೇ ಬೆರೆಸಿ. ‘ಓಆರ್‌ಎಸ್’ ಎಂಬ ಹೆಸರಿಟ್ಟು ಮಾರುತ್ತಿದ್ದ ಸಕ್ಕರೆ ಪಾನೀಯಗಳ ಮೇಲೆ ಆ ಹೆಸರು ಬಳಸಕೂಡದೆಂದು ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು.

ಇದನ್ನೆಲ್ಲ ಓದಿ ಯಾರೂ ಬಿಪಿ ಮಾತ್ರೆ ನಿಲ್ಲಿಸಬೇಡಿ, ಊಟಕ್ಕೆ ಉಪ್ಪು ಹೆಚ್ಚಿಸಬೇಡಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಹಾಗೆಯೇ ಇದೆ, ನಾವು ತಿನ್ನುತ್ತಿರುವುದು ಅದಕ್ಕಿಂತ ಬಹಳ ಹೆಚ್ಚು. ಮನೆಯ ಹಿರಿಯರಿಗೆ ಹೊಸ ಬಿಪಿ ಮಾತ್ರೆ ಶುರುವಾಗಿದ್ದರೆ ಒಂದೆರಡು ವಾರದಲ್ಲಿ ಒಮ್ಮೆ ಸೋಡಿಯಂ ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ನಿನ್ನೆ ಮೊನ್ನೆ ಸರಿಯಾಗಿದ್ದವರು ಇದ್ದಕ್ಕಿದ್ದಂತೆ ಮಂಕಾದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ. ಅರಳುಮರಳು ಮೂರು ದಿನದಲ್ಲಿ ಬರುವುದಿಲ್ಲ. ಎಮರ್ಜೆನ್ಸಿಗೆ ಹೊರಡುವಾಗ ಮಾತ್ರೆಗಳ ಇಡೀ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ. ಅವರು ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ, ಈ ವಾರ ಏನು ಉಂಡರು, ಎಷ್ಟು ಕುಡಿದರು ಎಂಬುದನ್ನು ದಾರಿಯಲ್ಲೇ ನೆನಪಿಸಿಕೊಂಡಿರಿ. ಸೋಡಿಯಂ ಅನ್ನು ಎಷ್ಟು ವೇಗವಾಗಿ ಏರಿಸಬಹುದು ಎಂದು ವೈದ್ಯರು ನಿರ್ಧರಿಸುವಾಗ ನಿಮ್ಮ ಆ ಉತ್ತರಗಳೂ ಬೇಕಾಗುತ್ತವೆ.